ತೊಳೆದಿಟ್ಟ ಹೊಲ

ಮೇಡಾರ್ ಭಾವ ತೀರಿಕೊಂಡ ಮೇಲೆ ಊರಲ್ಲಿ ಅವನ ಬಗ್ಗೆ ಉಳಿದಿರುವುದು ಎರಡೇ ಮಾತು. ಒಂದು, ದಿಬ್ಬದ ಹೊಲವನ್ನು ಕೈಯಾರೆ ಕಳೆದುಕೊಂಡ ಅನ್ನುವುದು. ಇನ್ನೊಂದು, ಹೆಂಡತಿಯ ಗೋರಿಯ ಮೇಲೆ ಹುಲ್ಲು ಬೆಳೆಯಲು ಬಿಟ್ಟ ಅನ್ನುವುದು. ಎರಡೂ ನಿಜ. ಆದರೆ ಮೊದಲನೆಯದರಿಂದ ಎರಡನೆಯದು ಹೇಗೆ ಬಂತು ಎಂದು ಬಲ್ಲವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಅವನ ಹೆಂಡತಿ ಸಿಡೋನಿ ನನ್ನ ಒಡಹುಟ್ಟಿದ ಅಕ್ಕ.

ಆಗ ನಮ್ಮೂರಿನ ಲೈ ಹೊಳೆಯ ಎರಡೂ ದಡದಲ್ಲಿ ಅಗಸೆಯೇ ಅಗಸೆ. ಎಣ್ಣೆಗಲ್ಲ, ನಾರಿಗೆ. ಒಂದು ಹೊಲದಲ್ಲಿ ಒಮ್ಮೆ ಅಗಸೆ ಬೆಳೆದರೆ ಮತ್ತೆ ಏಳನೆಯ ವರ್ಷಕ್ಕೇ ಅಲ್ಲಿ ಬಿತ್ತಬೇಕು. ಮುಂಚೆ ಬಿತ್ತಿದರೆ ಅಗಸೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಒಬ್ಬ ಗಂಡಸಿನ ಆಯುಸ್ಸಿನಲ್ಲಿ ಒಂದು ಹೊಲ ಐದು ಅಗಸೆ ಕೊಟ್ಟರೆ ಹೆಚ್ಚು. 'ಅವನೇನು, ಇನ್ನೂ ಎರಡು ಅಗಸೆ ಕಂಡ ಹುಡುಗ' ಎಂದು ವಯಸ್ಸನ್ನೇ ಹಾಗೆ ಎಣಿಸುತ್ತಿದ್ದರು.

ಕಳೆ ಕೀಳುವುದು ನಮ್ಮ ಕೆಲಸ, ಹೆಂಗಸರದು. ಅಗಸೆ ಬೆರಳುದ್ದ ಬಂದಾಗ ನಾವು ಸಾಲಾಗಿ ಮಂಡಿಯೂರಿ, ಗಾಳಿಗೆ ಎದುರಾಗಿ ತೆವಳುತ್ತಿದ್ದೆವು. ಗಾಳಿಗೆ ಬೆನ್ನು ಹಾಕಿ ಯಾರೂ ಕಳೆ ಕೀಳುವುದಿಲ್ಲ. ಎದುರಾಗಿ ಹೋದರೆ ನಮ್ಮ ಮಂಡಿಯಡಿ ಬಾಗಿದ ಸಸಿಯನ್ನು ಗಾಳಿಯೇ ಎತ್ತಿ ನಿಲ್ಲಿಸುತ್ತದೆ. ಬಾಯಿ ತುಂಬ ಹರಟೆ, ಮಂಡಿಗೆ ಗೋಣಿ ತುಂಡು, ಮಧ್ಯಾಹ್ನಕ್ಕೆ ಹಂದಿಕೊಬ್ಬು ಸವರಿದ ರೊಟ್ಟಿ ಮತ್ತು ತಣ್ಣನೆಯ ಕಾಫಿ. ನಮ್ಮ ಕಡೆ ಹೊಲದ ಮರ್ಯಾದೆ ಅಂದರೆ ಅದರ ಸ್ವಚ್ಛತೆ. ಹೊಲದಲ್ಲಿ ಮುಳ್ಳುಗಿಡ ಕಂಡರೆ ಆ ಮನೆಯ ಹುಡುಗಿಯನ್ನು ತಂದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯವರು ಭಾವನನ್ನು ತಮ್ಮ ಕಾರ್ಖಾನೆಗೆ ಎಳೆದುಕೊಂಡು ಹೋದರು. ಅವನಿಲ್ಲದಾಗ ಅವನ ಅಪ್ಪ ಸತ್ತ. ಕುದುರೆಯನ್ನೂ ಒಯ್ದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಒಬ್ಬಳೇ ಕಾಲುವೆ ಪಕ್ಕದ ಒಂದು ಗಾಡಿಯಗಲದ ಪಟ್ಟೆಯಲ್ಲಿ ಆಲೂಗಡ್ಡೆ, ಹುರುಳಿಕಾಯಿ ಬೆಳೆದುಕೊಂಡು ಹೊಟ್ಟೆ ಹೊರೆದಳು. ಉಳಿದ ದಿಬ್ಬವೆಲ್ಲ ಬೇರುಹುಲ್ಲಿನ ಪಾಲಾಯಿತು. ಭಾವ ವಾಪಸು ಬಂದಾಗ ತಲೆ ನುಣ್ಣಗೆ ಬೋಳಿಸಿತ್ತು, ಬಟ್ಟೆಯೆಲ್ಲ ಹೇನಿನ ಮದ್ದಿನ ಬಿಳಿ ಪುಡಿ. ಬಂದವನೇ ಬಾವಿಕಟ್ಟೆಯಲ್ಲಿ ನಿಂತು ಚರ್ಮ ಕೆಂಪಾಗುವ ತನಕ ಉಜ್ಜಿಕೊಂಡ. ಮರುದಿನವೂ. ಆಮೇಲೆ ಹೊಸ್ತಿಲ ಕಲ್ಲು ಉಜ್ಜಿದ, ಕೊಟ್ಟಿಗೆ ಗೋಡೆಗೆ ಸುಣ್ಣ ಹೊಡೆದ. ಆಮೇಲೆ ದಿಬ್ಬದ ಕಡೆ ತಿರುಗಿದ.

ದಿಬ್ಬ ಅವನ ಸ್ವಂತದ್ದಲ್ಲ. ತೀರಿಹೋದ ನೋಟರಿಯವರ ಹೆಂಡತಿಯದು. ಊರೆಲ್ಲ ಆಕೆಯನ್ನು ಮಡಾಮ್ ಎನ್ನುತ್ತಿತ್ತು. ಗೇಣಿ ಬರೀ ಬಾಯಿಮಾತಿನದು, ಅವನ ಅಪ್ಪನ ಕಾಲದಿಂದ ಬಂದದ್ದು. ಆ ಹೊಲ ಹೋದರೆ ಉಳಿಯುವುದು ಮನೆಹಿಂದಿನ ಹಿತ್ತಲು ಮಾತ್ರ. ಹಿತ್ತಲಿಗೆ ಯಾರೂ ಕುದುರೆ ಕಟ್ಟುವುದಿಲ್ಲ. ಮಡಾಮ್ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಗಾಡಿ ನಿಲ್ಲಿಸಿ ಹೊಲ ನೋಡಿದರು. ನಾನೂ ಅಕ್ಕನೂ ಅಲ್ಲೇ ಇದ್ದೆವು.

"ನಿಮ್ಮಪ್ಪ ಇದ್ದಾಗ ಈ ಹೊಲದಲ್ಲಿ ತಟ್ಟೆ ಇಲ್ಲದೇನೇ ಕೂತು ಉಣ್ಣಬಹುದಾಗಿತ್ತು, ಮೇಡಾರ್."

"ಯುದ್ಧ, ಮಡಾಮ್."

"ಯುದ್ಧ ಎಲ್ಲರ ಹೊಲದ ಮೇಲೂ ಹಾದುಹೋಗಿದೆ. ಪಕ್ಕದ ಆಶೀಲ್ ಕೇಳ್ತಿದಾನೆ, ಗೇಣಿಗೆ ಕೊಡಿ ಅಂತ. ಇಲ್ಲಿ ಅಗಸೆ ಸರದಿ ಯಾವಾಗ?"

"ನಲವತ್ತೆಂಟಕ್ಕೆ."

"ಹೂ ಬಿಟ್ಟಾಗ ಬಂದು ನೋಡ್ತೀನಿ. ಅವತ್ತು ಮಾತಾಡೋಣ."

ಅಷ್ಟೇ ಮಾತು. ಆದರೆ ಭಾವ ಮುಂದಿನ ಎರಡೂವರೆ ವರ್ಷ ಆ ಮಾತಿನೊಳಗೇ ಬದುಕಿದ.

ಮೊದಲ ವರ್ಷ ಸಕ್ಕರೆ ಬೀಟ್ ಹಾಕಿದ. ಬೀಟ್ ಸಾಲಿನ ನಡುವೆ ಗುದ್ದಲಿ ಆಡಿಸುತ್ತಲೇ ಇರಬಹುದು, ಹೊಲ ಸ್ವಚ್ಛವಾಗುತ್ತದೆ ಎಂದು. ಎರಡನೆಯ ವರ್ಷ ಏನೂ ಹಾಕಲಿಲ್ಲ. ಬರೀ ಮಣ್ಣು. ಹೊಸ ಕುದುರೆ ತಂದಿದ್ದ. ಎಲ್ಲಾದರೂ ಹಸಿರು ಚುಕ್ಕೆ ಕಂಡರೆ ಸಾಕು, ಕುದುರೆ ಕಟ್ಟಿ ಕಬ್ಬಿಣದ ಹಲ್ಲುಗಳ ಹಲುಬೆ ಎಳೆದು ಬೇರು ಮೇಲೆ ತಂದು ಬಿಸಿಲಿಗೆ ಒಣಗಿಸುತ್ತಿದ್ದ. ಒಣಗಿದ್ದನ್ನು ಬಾಚಿ ಸುಡುತ್ತಿದ್ದ. ಶರತ್ಕಾಲಕ್ಕೆ ಗಾಡಿಗಟ್ಟಲೆ ಸುಣ್ಣ ತಂದು ಚೆಲ್ಲಿದ, ಮಾಮೂಲಿಗಿಂತ ಬಹಳ ಹೆಚ್ಚು. ದೂರದಿಂದ ನೋಡಿದರೆ ಹಿಮ ಬಿದ್ದ ಹಾಗೆ.

ಆಶೀಲ್ ಬೇಲಿಯಾಚೆ ನಿಂತು ಪೈಪು ಸೇದುತ್ತಿದ್ದ. ಅವನ ಹೊಲದಲ್ಲಿ ಓಟ್ಸ್ ಎಷ್ಟೋ ಗಸಗಸೆ ಹೂವಿನ ಕಳೆಯೂ ಅಷ್ಟೇ.

"ಏನ್ ಮೇಡಾರ್, ನಿನ್ನ ಹೊಲಕ್ಕೆ ಬರ್ಬೇಕಾದ್ರೆ ಮೆಟ್ಟು ಆಚೆ ಬಿಟ್ಟು ಬರ್ಬೇಕಾ?"

"ನೀನು ಬರೋದೇ ಬೇಡ. ನಿನ್ನ ಮೆಟ್ಟಿನಲ್ಲಿ ಬೀಜ ಇರ್ತವೆ."

"ನನ್ನ ಕಳೆಗೆ ಸುಮ್ನೆ ಬಯ್ಯಬೇಡ ಮಾರಾಯ. ಅವು ಮನೆ ಮಂದಿ ಇದ್ದ ಹಾಗೆ."

ಅಕ್ಕ ಮಾತ್ರ ತನ್ನ ಪಟ್ಟೆ ಬಿಡಲಿಲ್ಲ. ಅದನ್ನೂ ಹಸನು ಮಾಡುತ್ತೇನೆಂದು ಭಾವ ಹಲುಬೆ ತಿರುಗಿಸಿದಾಗ ಕುದುರೆಯ ಮುಂದೆ ಹೋಗಿ ನಿಂತಳು.

"ಇದನ್ನೂ ತೊಳೆದ್ರೆ ಚಳಿಗಾಲಕ್ಕೆ ಏನು ತಿಂತೀಯಾ? ಸ್ವಚ್ಛ ಮಣ್ಣು ಬೇಯಿಸಿ ಹಾಕ್ಲಾ?"

"ಸುಣ್ಣನಾದ್ರೂ ಹಾಕಿಸ್ಕೋ."

"ಬೇಡ. ಸುಣ್ಣ ಹಾಕಿದ್ರೆ ಆಲೂಗಡ್ಡೆಗೆ ಕಜ್ಜಿ ಹತ್ತುತ್ತೆ."

ಕುದುರೆ ನಿಂತೇ ಇತ್ತು. ಭಾವ ಕೊನೆಗೆ ನಕ್ಕ. ಯುದ್ಧದಿಂದ ಬಂದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆಯ್ತು, ರಾಣಿಯಮ್ಮನ ರಾಜ್ಯ ಬಿಟ್ಟೆ" ಎಂದು ಕುದುರೆ ತಿರುಗಿಸಿದ.

ನಲವತ್ತೆಂಟರ ವಸಂತಕ್ಕೆ ಪಟ್ಟೆಯೂ ಸೇರಿ ಇಡೀ ದಿಬ್ಬಕ್ಕೆ ಅಗಸೆ ಬಿತ್ತಿದರು. ಅಗಸೆಯ ವರ್ಷ ಅಗಸೆಗೇ ಪೂರ್ತಿ, ಅದರಲ್ಲಿ ಅಕ್ಕನೂ ತಕರಾರು ಮಾಡಲಿಲ್ಲ. ಬಿತ್ತುವ ಮೊದಲು ಉಕ್ಕಿನ ಕಾರ್ಖಾನೆಯ ಕಪ್ಪು ಪುಡಿಯನ್ನು ಬೆಳೆಗೆ ರಂಜಕದ ಸತ್ವ ಸಿಗಲೆಂದು ಎರಚಿದ್ದಾಯಿತು. ಸಸಿ ಚೆನ್ನಾಗಿ ಎದ್ದಿತು. ಕಳೆ ಕೀಳಲು ಯಾವಾಗ ಬರಲಿ ಎಂದು ಕೇಳಲು ಹೋದೆ.

"ನೋಡು ಎಲೋಡಿ" ಎಂದ ಭಾವ. ನನ್ನನ್ನು ಹೊಲದುದ್ದಕ್ಕೂ ನಡೆಸಿದ. ಒಂದು ಕಳೆಯೂ ಇರಲಿಲ್ಲ. "ಈ ಸಲ ನಿಮ್ಮ ಗುಂಪು ಬೇಡ. ಅಗಸೆಗೆ ಒಂದು ಮಂಡಿನೂ ತಾಗಲ್ಲ."

ಗುಂಪಿಗೆ ಹೇಳಿದಾಗ ಹೆಂಗಸರು ಮುಖ ಸಿಂಡರಿಸಿದರು. "ನಿಮ್ಮ ಭಾವ ನಮ್ಮ ಹೊಟ್ಟೆ ಮೇಲೂ ಸುಣ್ಣ ಹೊಡೆದ" ಎಂದಳು ಒಬ್ಬಳು. ಆದರೂ ಎಲ್ಲರೂ ಭಾನುವಾರ ಹೋಗಿ ಆ ಹೊಲವನ್ನು ಕಣ್ತುಂಬ ನೋಡಿಕೊಂಡು ಬಂದರು. ಅಂಥ ಸ್ವಚ್ಛ ಹೊಲವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಅಗಸೆ ಬೆರಳುದ್ದ ಬಂದು ನಿಂತುಬಿಟ್ಟಿತು. ಒಣಗಲಿಲ್ಲ, ಹುಳ ಬೀಳಲಿಲ್ಲ. ಸುಮ್ಮನೆ ನಿಂತಿತು. ಹಸಿರು ಕಪ್ಪಾಗುತ್ತ ಹೋಯಿತು, ಬುಡ ನೇರಳೆಗೆ ತಿರುಗಿತು, ಕಾಂಡ ಹೊಲಿಗೆ ನೂಲಿನ ಹಾಗೆ ಸಣ್ಣ. ಮೊದಮೊದಲು ಚಳಿ ಎಂದರು. ಚಳಿ ಹೋಯಿತು. ಮಳೆ ಸಾಲದು ಎಂದರು. ಮಳೆ ಬಂತು. ಅಷ್ಟರಲ್ಲಿ ಕಾಲುವೆ ಪಕ್ಕದ ಪಟ್ಟೆಯ ಅಗಸೆ ಮಂಡಿ ದಾಟಿತ್ತು. ಅದೇ ಬೀಜ, ಅದೇ ಕೈ, ಅದೇ ದಿನ ಬಿತ್ತಿದ್ದು. ಪಟ್ಟೆ ಎಲ್ಲಿ ಮುಗಿಯುತ್ತದೋ ಅಲ್ಲಿ ದಾರ ಹಿಡಿದು ಕತ್ತರಿಸಿದ ಹಾಗೆ ಅಗಸೆ ಇಳಿದುಬಿಡುತ್ತಿತ್ತು.

ಭಾವ ಇನ್ನಷ್ಟು ಕಪ್ಪು ಪುಡಿ ತಂದು ಸಸಿಗಳ ಮೇಲೇ ಎರಚಿದ. ಊಟಕ್ಕೆ ಕೂತಾಗ ಉಗುರಿನ ಸುತ್ತ ಕಪ್ಪು. ಆ ಮನುಷ್ಯ, ದಿನಕ್ಕೆ ಮೂರು ಸಲ ಕೈ ಉಜ್ಜುತ್ತಿದ್ದವನು, ಕೈ ತೊಳೆಯುವುದನ್ನೇ ಮರೆತಿದ್ದ. ಏನೂ ಆಗಲಿಲ್ಲ.

ಅಗಸೆ ಹೂ ನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರಿಹೋಗುತ್ತದೆ. ಅದಕ್ಕೇ ಮಡಾಮ್ ಬೆಳಿಗ್ಗೆಯೇ ಬಂದರು. ಪಟ್ಟೆ ಆಕಾಶದ ತುಂಡು ಬಿದ್ದ ಹಾಗೆ ನೀಲಿಯಾಗಿತ್ತು. ಉಳಿದ ದಿಬ್ಬದಲ್ಲಿ ಒಂದು ಹೂವೂ ಇರಲಿಲ್ಲ. ಆಕೆ ಕೊಡೆಯ ತುದಿಯಿಂದ ಪಟ್ಟೆ ತೋರಿಸಿದರು.

"ಇದು ಯಾರು ಬೆಳೆದದ್ದು?"

"ಅದು ನನ್ನ ಹೆಂಡತಿ ಪಟ್ಟೆ, ಮಡಾಮ್."

"ಇದು?"

ಭಾವ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಇದು ನಾನು ಬೆಳೆದದ್ದು."

ಮಡಾಮ್ ತುಂಬ ಹೊತ್ತು ನೋಡಿದರು. ಕೆಟ್ಟ ಹೆಂಗಸಲ್ಲ ಆಕೆ, ದನಿ ಏರಿಸಲಿಲ್ಲ. "ಒಂದೇ ಹೊಲ, ಒಂದೇ ಮಳೆ. ಗೊಬ್ಬರ ಎಲ್ಲಿಗೆ ಹೋಗಿದೆ ಅಂತ ನನಗೂ ಕಾಣುತ್ತೆ. ಮನೆಯೊಳಗಿನ ವಿಷಯ, ನಾನು ಕೇಳಲ್ಲ. ಕೊಯ್ಲಾದ ಮೇಲೆ ಹೊಲ ಆಶೀಲ್‌ಗೆ ಬಿಟ್ಟುಕೊಡು."

ನಾನೂ ಭಾವನೂ ಮನೆಗೆ ಬಂದಾಗ ಅಕ್ಕ ಮಜ್ಜಿಗೆ ಗಂಜಿ ಕಲಕುತ್ತಿದ್ದಳು. ಭಾವ ಬಾಗಿಲಲ್ಲೇ ನಿಂತ.

"ಎಷ್ಟು ಹಾಕ್ದೆ?"

"ಏನು ಎಷ್ಟು ಹಾಕ್ದೆ?"

"ಪಟ್ಟೆಗೆ. ಕೊಟ್ಟಿಗೆ ಗೊಬ್ಬರ, ಕಪ್ಪು ಪುಡಿ. ನಾನು ಪೇಟೆಗೆ ಹೋದಾಗೆಲ್ಲ ಹಾಕಿದೀಯ. ಇಡೀ ಹೊಲದ ಸತ್ವ ಬಾಚಿ ನಿನ್ನ ಆಲೂಗಡ್ಡೆಗೆ ಹಾಕಿದೀಯ."

"ಕೋಳಿಗಳು ತಾವಾಗಿ ಹಾಕಿದ್ದು ಬಿಟ್ರೆ ಏನೂ ಹಾಕಿಲ್ಲ, ಮೇಡಾರ್. ದೇವರ ಮುಂದೆ ಹೇಳ್ತೀನಿ."

"ದೇವರ ಮುಂದೆ ಯಾಕೆ? ಹೋಗಿ ಅಗಸೆ ಮುಂದೆ ಹೇಳು."

ಅಕ್ಕ ಸೌಟು ಕೆಳಗಿಟ್ಟಳು. ನಾಲಿಗೆಯಿಲ್ಲದ ಅಗಸೆ ಅವಳ ವಿರುದ್ಧ ಸಾಕ್ಷಿ ನಿಂತಿತ್ತು. ಊರೂ ಹಾಗೇ ಮಾತಾಡಿತು. ಒಂದು ವಾರದಲ್ಲಿ, ಸಿಡೋನಿ ಕತ್ತಲಲ್ಲಿ ಗೊಬ್ಬರ ಹೊರುವುದನ್ನು ಕಣ್ಣಾರೆ ಕಂಡೆ ಎನ್ನುವವರೂ ಹುಟ್ಟಿಕೊಂಡರು. ನನಗೂ ಬೇರೆ ವಿವರಣೆ ಗೊತ್ತಿರಲಿಲ್ಲ. ಅಕ್ಕ ಸುಳ್ಳು ಹೇಳುವವಳಲ್ಲ ಎಂಬುದಷ್ಟೇ ಗೊತ್ತಿತ್ತು.

ಅಗಸೆಯನ್ನು ಕುಡುಗೋಲಿನಿಂದ ಕೊಯ್ಯುವುದಿಲ್ಲ. ನಾರು ಉದ್ದ ಸಿಗಲೆಂದು ಬೇರುಸಮೇತ ಕೀಳುತ್ತಾರೆ. ಆ ವರ್ಷ ದಿಬ್ಬದಲ್ಲಿ ನಾವು ಮೂವರೇ ಕಿತ್ತೆವು. ಪಟ್ಟೆಯ ಅಗಸೆ ಕಿತ್ತರೆ ಬೇರಿನ ತುಂಬ ಮಣ್ಣಿನ ಸಣ್ಣ ಸಣ್ಣ ಉಂಡೆ ಅಂಟಿಕೊಂಡು ಬರುತ್ತಿತ್ತು, ಒದರಿದರೂ ಬೀಳದ ಹಾಗೆ. ಉಳಿದ ಹೊಲದ್ದು ಕಿತ್ತರೆ ಬೇರು ಬತ್ತಲೆ, ಬಾವಿನೀರಲ್ಲಿ ಜಾಲಿಸಿ ತೆಗೆದಂತೆ. ಅದನ್ನು ನೋಡಿ, ಇಲ್ಲಿಯ ಮಣ್ಣು ಎಷ್ಟು ಹಸನಾಗಿದೆ ಎಂದುಕೊಂಡೆ. ಅಷ್ಟೇ ನನಗೆ ಹೊಳೆದದ್ದು.

ಹೊಲ ಆಶೀಲ್‌ಗೆ ಹೋಯಿತು. ಅವನು ಓಟ್ಸ್ ಬಿತ್ತಿ ಅದರಡಿ ದನದ ಮೇವಿನ ಕ್ಲೋವರ್ ಸೊಪ್ಪು ಹಾಕಿ, ಎಂದಿನ ಸೋಮಾರಿತನದಲ್ಲಿ ಅದರ ಪಾಡಿಗೆ ಬಿಟ್ಟ. ಎರಡೇ ವರ್ಷಕ್ಕೆ ದಿಬ್ಬ ಸರಿಹೋಯಿತು. ಅದೂ ಭಾವನ ಗುಮಾನಿಗೇ ಪುಷ್ಟಿ ಕೊಟ್ಟಿತು: ನೋಡಿ, ಹೊಲದಲ್ಲಿ ದೋಷವೇ ಇರಲಿಲ್ಲ, ಮನೆಯಲ್ಲಿ ಇತ್ತು.

ಭಾವ ಕುದುರೆ ಮಾರಿ ಹೊಳೆದಂಡೆಯ, ನಾರು ಬಿಡಿಸಲು ಅಗಸೆ ಕೊಳೆಸುವ ತೊಟ್ಟಿಗಳಲ್ಲಿ ಕೂಲಿಗೆ ಸೇರಿದ. ಬಿಸಿನೀರಿನಿಂದ ಕೊಳೆತ ಅಗಸೆಯ ಕಟ್ಟುಗಳನ್ನು ಎತ್ತಿ ಹೊರಹಾಕುವ ಕೆಲಸ. ಸ್ವಚ್ಛತೆಗೆ ಪ್ರಾಣ ಬಿಡುವ ಮನುಷ್ಯ ಇಪ್ಪತ್ತೈದು ವರ್ಷ ಆ ನಾತದಲ್ಲಿ ದುಡಿದ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಉಜ್ಜಿಕೊಳ್ಳುತ್ತಿದ್ದ, ನಾತ ಹೋಗುತ್ತಿರಲಿಲ್ಲ. ಅಕ್ಕನ ಜೊತೆ ಜಗಳವಾಡಲಿಲ್ಲ, ಕೈ ಎತ್ತಲಿಲ್ಲ. 'ಬಾಗಿಲು ಹಾಕು', 'ಉಪ್ಪು ಕೊಡು' — ಇಷ್ಟರಲ್ಲಿ ಸಂಸಾರ ಮುಗಿಯುತ್ತಿತ್ತು. ಹಿತ್ತಲಲ್ಲಿ ಅಕ್ಕ ಹುರುಳಿಕಾಯಿ ಬೆಳೆಯುತ್ತಲೇ ಇದ್ದಳು. ಅವನು ಒಂದು ದಿನವೂ ಅದನ್ನು ಮುಟ್ಟಲಿಲ್ಲ. ತಟ್ಟೆಯ ಅಂಚಿಗೆ ಸರಿಸಿ ಎದ್ದುಹೋಗುತ್ತಿದ್ದ. ಅವಳು ಮರುದಿನವೂ ಬಡಿಸುತ್ತಿದ್ದಳು.

"ತಿನ್ನಲ್ಲ ಅಂತ ಗೊತ್ತಿದ್ದೂ ಯಾಕೆ ಹಾಕ್ತೀಯೇ?" ಎಂದು ಕೇಳಿದ್ದೆ.

"ಹಾಕದಿದ್ರೆ ನಾನು ಒಪ್ಪಿಕೊಂಡ ಹಾಗಾಗುತ್ತೆ ಕಣೇ" ಎಂದಳು.

ಎಪ್ಪತ್ತೆರಡರ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಅಕ್ಕ ಹೋದಳು. ಪಾದ್ರಿಗಳು ಬಂದು ಹೋದ ಮೇಲೆ ನನ್ನ ಕೈ ಹಿಡಿದು, "ಎಲೋಡಿ, ನಾನು ಹಾಕಿರಲಿಲ್ಲ" ಎಂದಳು. ಭಾವ ಅಡುಗೆಮನೆಯಲ್ಲಿದ್ದ. ಬಾಗಿಲು ತೆರೆದೇ ಇತ್ತು.

ಅವಳ ಗೋರಿಯನ್ನು ಅವನು ನೋಡಿಕೊಂಡಷ್ಟು ಚೆನ್ನಾಗಿ ಊರಲ್ಲಿ ಯಾರೂ ನೋಡಿಕೊಳ್ಳಲಿಲ್ಲ. ಪ್ರತಿ ಶನಿವಾರ ಬಕೆಟ್ಟು, ಬ್ರಷ್ಷು. ಜಲ್ಲಿಕಲ್ಲಿನ ನಡುವೆ ಎಳೆ ಹುಲ್ಲು ಕಂಡರೆ ಕುದಿಯುವ ಉಪ್ಪುನೀರು ಹುಯ್ಯುತ್ತಿದ್ದ. ಪ್ರೀತಿಯೋ, ಊರ ಕಣ್ಣಿಗೋ, ನನಗೆ ತಿಳಿಯದು. ದಿಬ್ಬದ ಹೊಲದಷ್ಟೇ ಸ್ವಚ್ಛವಾಗಿತ್ತು ಆ ಗೋರಿ.

ನಾಲ್ಕು ವರ್ಷದ ಮೇಲೆ ಆಶೀಲ್‌ನ ಮಗ ದಿಬ್ಬದ ಒಂದು ಮೂಲೆಯಲ್ಲಿ ಬೀಟ್ ಆದ ಮೇಲೆ ಅಗಸೆ ಹಾಕಿದ. ಅದು ಏಳದೆ ನಿಂತಿತು. ಮಣ್ಣು ಪರೀಕ್ಷೆಯ ಕಚೇರಿಯಿಂದ ಹಿಲ್ಡೆ ಎಂಬ ಹುಡುಗಿಯನ್ನು ಕರೆಸಿದರು. ಆ ಹೊಲದಲ್ಲಿ ಹಿಂದೆ ಹೀಗೇ ಆಗಿತ್ತಂತೆ, ಹಳಬರು ಯಾರಿದ್ದಾರೆ ಎಂದು ವಿಚಾರಿಸುತ್ತ ಆಕೆ ಬಂದಳು. ಭಾವ ಒಬ್ಬನೇ ಇದ್ದುದರಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ನನ್ನ ಮೇಜಿನ ಮುಂದೆಯೇ ಮಾತಾಯಿತು.

ಭಾವ ಎಲ್ಲ ಹೇಳಿದ. ಬೀಟ್, ಬರೀ ಮಣ್ಣಿನ ವರ್ಷ, ಹಲುಬೆ, ಸುಣ್ಣ, ಕಪ್ಪು ಪುಡಿ. ಹುಡುಗಿ ತಲೆಯಾಡಿಸುತ್ತ ಕೇಳಿದಳು.

"ರಂಜಕ ನಿಮ್ಮ ಮಣ್ಣಲ್ಲಿ ಬೇಕಾದಷ್ಟು ಇತ್ತು ತಾತ, ಈಗಲೂ ಇದೆ. ಅಗಸೆಗೆ ಅದು ಎಟುಕಲಿಲ್ಲ ಅಷ್ಟೆ. ಅಗಸೆ ಬೇರು ಗಿಡ್ಡ, ತಾನಾಗಿ ದೂರ ಹೋಗಲ್ಲ. ಮಣ್ಣಿನೊಳಗೆ ಬೂಷ್ಟಿನ ಜಾತಿ ಸಣ್ಣ ಎಳೆಗಳು ಇರ್ತವೆ, ಕಣ್ಣಿಗೆ ಕಾಣಲ್ಲ. ಅವು ಬೇರಿಗೆ ಅಂಟಿಕೊಂಡು ರಂಜಕ ತಂದುಕೊಡ್ತವೆ. ಬದಲಿಗೆ ಬೇರಿನ ಹತ್ರ ಊಟ ಈಸ್ಕೊಳ್ತವೆ. ಜೀವ ಇರೋ ಬೇರು ಇಲ್ದಿದ್ರೆ ಉಪವಾಸ ಸಾಯ್ತವೆ."

"ಬೀಟ್‌ಗೂ ಬೇರಿದೆಯಲ್ಲಮ್ಮ."

"ಬೀಟ್ ಅವನ್ನ ಹತ್ರ ಸೇರಿಸಲ್ಲ. ಅದಾದ್ಮೇಲೆ ನೀವು ಒಂದು ವರ್ಷ ಒಂದು ಹುಲ್ಲುಕಡ್ಡಿನೂ ಬಿಡ್ಲಿಲ್ಲ. ಹುಲ್ಲಾಗ್ಲಿ, ಕಳೆಯಾಗ್ಲಿ, ಒಂದಿಷ್ಟು ಇದ್ದಿದ್ರೂ ಅವು ಬದುಕಿರ್ತಿದ್ವು. ಮೇಲೆ ಅಷ್ಟೊಂದು ಸುಣ್ಣ. ಸುಣ್ಣ ಹೆಚ್ಚಾದ್ರೆ ರಂಜಕ ಅದಕ್ಕೇ ಕಚ್ಚಿಕೊಳ್ಳುತ್ತೆ, ಬಿಡಲ್ಲ."

ಭಾವ ಕಾಫಿ ಬಟ್ಟಲನ್ನು ಸುತ್ತ ತಿರುಗಿಸುತ್ತಿದ್ದ. "ಒಂದು ಪಟ್ಟೆ ಇತ್ತು" ಎಂದ. "ಕಾಲುವೆ ಪಕ್ಕ. ಅಲ್ಲಿ ಮಾತ್ರ ಸೊಂಟದುದ್ದ ಬಂತು."

"ಅಲ್ಲಿ ಮೊದಲು ಏನಿತ್ತು?"

"ಆಲೂಗಡ್ಡೆ. ಹುರುಳಿಕಾಯಿ. ಸುಣ್ಣ ಇಲ್ಲ."

"ಹಾಗಾದ್ರೆ ಸರಿಯೇ. ಅವೆರಡೂ ಎಳೆಗಳನ್ನ ಚೆನ್ನಾಗಿ ಸಾಕ್ತವೆ."

"ಯಾರೋ ಗೊಬ್ಬರ ತುಂಬಿರಬೇಕು ಅಂದ್ರು."

"ಬೇಕಾಗೇ ಇರಲಿಲ್ಲ ತಾತ."

"ಹಾಕದೇನೇ?"

"ಹಾಕದೇನೇ."

ಹುಡುಗಿಗೆ ಇದು ಸಂತೋಷದ ವಿಷಯವಾಗಿತ್ತು. ತಾನು ಓದಿದ್ದು ಒಬ್ಬ ಮುದುಕನ ನೆನಪಿನಲ್ಲಿ ಹಾಗೇ ಸಿಕ್ಕಿತಲ್ಲ ಎಂದು ಕೈಕುಲುಕಿ, ಕಾಫಿಗೆ ಥ್ಯಾಂಕ್ಸ್ ಹೇಳಿ ಹೋದಳು. ಒಳ್ಳೆಯ ಹುಡುಗಿ. ಅವಳಿಗೇನು ಗೊತ್ತು.

ಭಾವ ಕತ್ತಲಾಗುವ ತನಕ ಅಲ್ಲೇ ಕೂತಿದ್ದ. ನಾನು ದೀಪ ಹಾಕಿದೆ.

"ಅವಳು ನಿನಗೆ ಹೇಳಿದ್ಳಾ, ಹಾಕಿಲ್ಲ ಅಂತ?"

"ಹೇಳಿದ್ಳು ಭಾವ. ನಿನಗೂ ಹೇಳಿದ್ಳು."

"ಹೂಂ" ಎಂದ. ಮತ್ತೆ, "ಹೂಂ. ನನಗೂ ಹೇಳಿದ್ಳು."

ಆಮೇಲೆ, "ಹುರುಳಿಕಾಯಿ ಇದೆಯಾ ಮನೇಲಿ?" ಎಂದ. ಮಧ್ಯಾಹ್ನದ್ದು ಉಳಿದಿತ್ತು. ಬಿಸಿ ಮಾಡುತ್ತೇನೆಂದರೆ ಬೇಡವೆಂದ. ತಣ್ಣಗಿದ್ದದ್ದನ್ನೇ ತಟ್ಟೆಯಲ್ಲಿ ಒಂದೂ ಬಿಡದೆ ತಿಂದ. ಕಣ್ಣಲ್ಲಿ ನೀರು ಬರಲಿಲ್ಲ. ಅಗಿಯುವುದು ಅವನಿಗೆ ಬಹಳ ಕಷ್ಟವಾಗುತ್ತಿತ್ತು, ಅಷ್ಟೇ.

ಆ ಶನಿವಾರ ಅವನು ಬಕೆಟ್ಟು ಎತ್ತಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಸಕಲ ಸಂತರ ಹಬ್ಬಕ್ಕೆ ಊರೆಲ್ಲ ಗೋರಿ ತೊಳೆದು ಸೇವಂತಿಗೆ ಕುಂಡ ಇಟ್ಟಾಗ ಸಿಡೋನಿಯ ಗೋರಿಯ ಮೇಲೆ ಹುಲ್ಲು ಎದ್ದಿತ್ತು. ಮರುವರ್ಷಕ್ಕೆ ಕ್ಲೋವರ್ ಬಂತು, ಒಂದು ಮುಳ್ಳುಗಿಡ ಬಂತು. ಗೋರಿ ಕಾಯುವವನು ಕೀಳಲು ಬಗ್ಗಿದಾಗ ಭಾವ ಅವನ ಮಣಿಕಟ್ಟು ಹಿಡಿದ.

"ಮುಟ್ಟಬೇಡ."

"ನಾಚಿಕೆಗೇಡು ಮೇಡಾರ್. ಜನ ಏನಂತಾರೆ?"

"ಅನ್ನಲಿ. ಜನ ಅವಳಿಗೂ ಅಂದ್ರು."

ಜನ ಅಂದರು. ಬದುಕಿದ್ದಾಗ ಮಾತಾಡಿಸಲಿಲ್ಲ, ಸತ್ತ ಮೇಲೆ ಹುಲ್ಲೂ ಕೀಳಲಿಲ್ಲ ಎಂದರು. ಅವನು ಯಾರಿಗೂ ಏನೂ ವಿವರಿಸಲಿಲ್ಲ. ಅಕ್ಕ ಕದ್ದಿರಲಿಲ್ಲ ಎಂದು ಒಂದು ಮಾತು ಊರಿಗೆ ಹೇಳು ಎಂದು ನಾನು ಕೇಳಿಕೊಂಡೆ. "ಕೇಳಬೇಕಾದೋಳು ಇಲ್ಲ" ಎಂದ. ನಾನು ಹೇಳಲು ಹೋದರೆ, ಸತ್ತ ಅಕ್ಕನ ಪರ ಎಂದು ನಕ್ಕರು. ಬರೀ ಕಳೆಯಿಂದ ಅಗಸೆ ಬೆಳೆಯುತ್ತದಂತೆ, ಎಂದರು.

ಎಪ್ಪತ್ತೆಂಟರಲ್ಲಿ ಭಾವನನ್ನೂ ಅದೇ ಗೋರಿಯಲ್ಲಿ ಇಟ್ಟೆವು. ಅಗೆದಾಗ ಮಣ್ಣು ಬೇರಿನ ಬಲೆಯಲ್ಲಿ ಉಂಡೆ ಉಂಡೆಯಾಗಿ ಎದ್ದಿತು. ಅದನ್ನೇ ಮತ್ತೆ ಮುಚ್ಚಿದರು. ಆಮೇಲೆ ಪ್ರತಿ ಹಬ್ಬಕ್ಕೂ ನಾನು ಹೋಗಿ ಕಲ್ಲು ಮಾತ್ರ ತೊಳೆಯುತ್ತಿದ್ದೆ, ಹೆಸರು ಕಾಣುವಷ್ಟು. ಹುಲ್ಲು ಮುಟ್ಟುತ್ತಿರಲಿಲ್ಲ. ಜೀವಮಾನವೆಲ್ಲ ಕಳೆ ಕಿತ್ತ ಕೈ, ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದೆ ಎಳೆದುಕೊಳ್ಳುತ್ತಿದ್ದೆ.

ಈ ವರ್ಷ ಹಬ್ಬಕ್ಕೆ ಮೊದಲು ಪುರಸಭೆಯ ಇಬ್ಬರು ಆಳುಗಳು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದು ಎಲ್ಲ ಗೋರಿಗಳಿಗೂ ಕಳೆಮದ್ದು ಹೊಡೆದು ಹೋದರಂತೆ. ನನಗೆ ಗೊತ್ತಾಗಲಿಲ್ಲ, ಕಾಲುನೋವಿನಿಂದ ಹೊರಗೆ ಹೋಗಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅಕ್ಕನ ಗೋರಿಯೂ ಉಳಿದ ಗೋರಿಗಳ ಹಾಗೇ ಬೋಳಾಗಿ, ಬೆಳ್ಳಗೆ, ಓರಣವಾಗಿತ್ತು. ಪಕ್ಕದ ಗೋರಿಗೆ ಸೇವಂತಿಗೆ ತಂದಿದ್ದ ಹೆಂಗಸು ನನ್ನನ್ನು ನೋಡಿ, "ಅಂತೂ ಯಾರೋ ಸ್ವಚ್ಛ ಮಾಡಿದ್ರಲ್ಲ ಅಜ್ಜಿ, ಈಗ ನೋಡೋಕೆ ಚೆನ್ನಾಗಿದೆ" ಎಂದಳು.

ಹೌದು ಎಂದೆ. ಮನೆಗೆ ಬಂದು ಇದನ್ನು ಬರೆಯಲು ಕೂತೆ.